ಸಾರಿ ಯಾರಿಗೆ, ಎಷ್ಟು?

ಪ್ಲೇಸ್‌ಮೆಂಟ್ ಗ್ರೂಪಿಗೆ ಬೆಳಿಗ್ಗೆ ಆರಕ್ಕೆ ಗುಲಾಬಿ ಹೂವಿನ ‘ಶುಭೋದಯ’ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಹಾಕಿದವರು ಅಳಿಸಿ ಸುಮ್ಮನಾದರೆ ಸಾಕು. ಆದರೆ ಹಾಗಾಗುವುದಿಲ್ಲವಲ್ಲ! ‘ಸಾರಿ ಫ್ರೆಂಡ್ಸ್, ಮನೆ ಗ್ರೂಪಿಗೆ ಹಾಕೋದು ಇಲ್ಲಿಗೆ ಬಂತು’ ಎಂದು ಒಂದು ಮೆಸೇಜ್, ಅದಕ್ಕೆ ‘ಪರವಾಗಿಲ್ಲ ಬಿಡಿ’ ಎಂದು ಇಪ್ಪತ್ತು ಮೆಸೇಜ್. ಸಂದರ್ಶನದ ಸಮಯ ಬದಲಾದ ಸುದ್ದಿ ಅಷ್ಟರಲ್ಲಿ ಮೇಲೆಲ್ಲೋ ಹೂತುಹೋಗಿರುತ್ತದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. 1997ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಸುಮಾರು 13 ಸಾವಿರ ನೌಕರರಿದ್ದ ಇಮೇಲ್ ಪಟ್ಟಿಗೆ ಒಬ್ಬರು ‘ನನ್ನ ಹೆಸರು ತೆಗೆಯಿರಿ’ ಎಂದು ಬರೆದರು. ‘ನನ್ನದೂ ತೆಗೆಯಿರಿ’ ಎಂದವರು ಹಲವರು. ‘ಎಲ್ಲರಿಗೂ ಉತ್ತರಿಸಬೇಡಿ’ ಎಂದು ಎಲ್ಲರಿಗೂ ಉತ್ತರಿಸಿದವರೂ ಇದ್ದರು. ಕೊನೆಗೆ ಕಂಪನಿಯ ಮೇಲ್ ವ್ಯವಸ್ಥೆಯೇ ಉಸಿರುಗಟ್ಟಿತು.

ರೆಸ್ಯೂಮೆ ಕಳಿಸುವಾಗಲೂ ಅಷ್ಟೇ. ನಲವತ್ತು ಕಂಪನಿಗಳ ವಿಳಾಸವನ್ನು ‘ಟು’ ಜಾಗದಲ್ಲಿ ತುಂಬಿದರೆ ಎಲ್ಲರಿಗೂ ಎಲ್ಲರ ವಿಳಾಸ ಕಾಣುತ್ತದೆ. ಅದೇ ಪಟ್ಟಿಗೆ ಮತ್ತೆ ಕ್ಷಮೆ ಕೇಳುವುದು ಗಾಯದ ಮೇಲೆ ಬರೆ. ನಿಜವಾಗಿ ಬೇಕಾದ ಕಂಪನಿಗಳಿಗೆ ಬೇರೆ ಬೇರೆಯಾಗಿ ಎರಡು ಸಾಲು ಬರೆಯಿರಿ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯುವ ಅವಧಿಯನ್ನು ಸೆಟ್ಟಿಂಗ್ಸ್‌ಗೆ ಹೋಗಿ 30 ಸೆಕೆಂಡಿಗೆ ಏರಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸುಳ್ಳು ಉದ್ಯೋಗದ ಲಿಂಕ್ ಮಾತ್ರ ಬೇರೆಯದೇ ವಿಷಯ. ‘ರೈಲ್ವೆಯಲ್ಲಿ ಕೆಲಸ, ನೋಂದಣಿಗೆ ಐನೂರು ರೂಪಾಯಿ’ ಎಂಬಂಥದ್ದನ್ನು ಫಾರ್ವರ್ಡ್ ಮಾಡಿದವರು, ಮೋಸ ಎಂದು ತಿಳಿದಾಗ ಗುಟ್ಟಾಗಿ ಅಳಿಸುತ್ತಾರೆ. ಗ್ರೂಪಿನಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಷ್ಟೇ ಉಳಿಯುತ್ತದೆ. ಮರ್ಯಾದೆ ಉಳಿಯಿತು, ಸರಿ. ಆದರೆ ಅಷ್ಟರೊಳಗೆ ಹಾಸ್ಟೆಲಿನ ಗ್ರೂಪಿಗೆ, ಊರಿನ ತಮ್ಮನಿಗೆ ಹೋದ ಪ್ರತಿಗಳು ಅಳಿಯುವುದಿಲ್ಲ. ಅಲ್ಲಿ ಯಾರೋ ಹಣ ಕಟ್ಟುತ್ತಿರುತ್ತಾರೆ. ಇಲ್ಲಿ ಮೌನವೇ ದೊಡ್ಡ ತಪ್ಪು.

ನಮ್ಮ ತರಗತಿಯ ಗ್ರೂಪಿನಲ್ಲಿ ಹೀಗಾದಾಗ ಗೆಳೆಯನೊಬ್ಬ ಲಿಂಕ್ ಅಳಿಸಿ, ಕೆಳಗೇ ಬರೆದ: ‘ಈಗ ಅಳಿಸಿದ್ದು ರೈಲ್ವೆ ಕೆಲಸದ ಲಿಂಕ್. ಅದು ಸುಳ್ಳು. ನೋಡದೆ ಹಾಕಿದ್ದು ನನ್ನ ತಪ್ಪು. ಯಾರೂ ಹಣ ಕಟ್ಟಬೇಡಿ, ಕಟ್ಟಿದ್ದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇರೆಯವರಿಗೆ ಕಳಿಸಿದ್ದರೆ ಅವರಿಗೂ ಹೇಳಿ.’ ‘ಯಾರಿಗಾದರೂ ಬೇಸರವಾಗಿದ್ದರೆ’ ಎಂಬ ರಾಜಕಾರಣಿಗಳ ರಾಗ ಅದರಲ್ಲಿರಲಿಲ್ಲ. ಅಡ್ಮಿನ್ ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆ ಪಿನ್ ಮಾಡಿದರು. ಹಿಂದಿನ ಬೆಂಚಿನ ಇಬ್ಬರು ಅಷ್ಟರಲ್ಲಾಗಲೇ ಅರ್ಜಿ ತುಂಬಿ, ಹಣ ಕಟ್ಟುವ ಪುಟದವರೆಗೆ ಹೋಗಿದ್ದರಂತೆ.