ಜಿಂಕೆ ಬಾಲದ ಮೀನು

ಗಾಳದ ಕೊಕ್ಕೆಯ ಮೇಲೆ ಒಂದು ಚಿಟಿಕೆ ಜಿಂಕೆ ಕೂದಲಿಟ್ಟು, ತುದಿಗಳು ಮುಂದಕ್ಕೆ ಚಾಚುವಂತೆ ದಾರ ಬಿಗಿಯುತ್ತಾರೆ. ಆಮೇಲೆ ಅಷ್ಟನ್ನೂ ಹಿಂದಕ್ಕೆ ತಳ್ಳಿ, ಎದುರಿಗೆ ದಾರದಿಂದಲೇ ಪುಟ್ಟ ಕಟ್ಟೆ ಸುತ್ತುತ್ತಾರೆ. ಕಟ್ಟೆಗೆ ಒರಗಿದ ಕೂದಲು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ನ್ಯೂಜೆರ್ಸಿ ಕರಾವಳಿಯಲ್ಲಿ ಹೋಟೆಲು ನಡೆಸಿಕೊಂಡಿದ್ದ ಬಾಬ್ ಪೊಪೊವಿಕ್ಸ್ ಅವರ ‘ಹಾಲೋ ಫ್ಲೈ’ ಎಂಬ ಹುಸಿ ಎರೆ ಹುಟ್ಟುವುದು ಹೀಗೆ. ಹೊರಗೆ ಮೈದುಂಬಿದ ಮೀನು, ಒಳಗೆ ಬರೀ ಟೊಳ್ಳು.

ಟೊಳ್ಳೇಕೆ? ಫ್ಲೈ ಗಾಳದಲ್ಲಿ ಹುಸಿ ಎರೆಗೆ ಹೇಳಿಕೊಳ್ಳುವಂಥ ತೂಕವಿರುವುದಿಲ್ಲ. ಬೀಸುವುದು ಗಾಳದ ದಪ್ಪ ದಾರದ ಭಾರವನ್ನು. ನೀರು ಕುಡಿದ ಕೂದಲ ಮುದ್ದೆಯನ್ನು ಕಡಲಗಾಳಿಗೆ ಎದುರಾಗಿ ಎಸೆಯಲು ತೋಳು ಒಪ್ಪದು. ಆದರೆ ಅಲ್ಲಿನ ಸ್ಟ್ರೈಪ್ಡ್ ಬಾಸ್ ಬೆನ್ನಟ್ಟುವ ಮೆನ್‌ಹೇಡನ್, ನಮ್ಮ ಬೂತಾಯಿಯ ದೂರದ ನೆಂಟ, ಅಗಲ ಮೈಯದು. ಆ ಅಗಲವನ್ನು ಕೆಲವೇ ಎಳೆಗಳಲ್ಲಿ ತೋರಿಸಬೇಕು. ಹಾಲೋ ಫ್ಲೈ ನೀರಿನಿಂದ ಮೇಲೆದ್ದೊಡನೆ ನೀರು ಸೋರಿ ಹಗುರಾಗುತ್ತದೆ.

ಕೂದಲೂ ಯಾವುದೋ ಒಂದು ನಡೆಯದು. ಬಿಳಿಬಾಲದ ಜಿಂಕೆಯ ಬಾಲದಲ್ಲೇ ಬುಡದ ಕೂದಲು ಒರಟು, ಒಳಗೆ ಪೊಳ್ಳು. ದಾರ ಬಿಗಿದರೆ ಅರಳುತ್ತದೆ. ತುದಿಯ ಕಡೆಯದು ನಯ, ಬಿಗಿದರೂ ಸುಮ್ಮನೆ ಮಲಗುತ್ತದೆ. ಪಳಗಿದವರು ಒಂದೇ ಬಾಲದಲ್ಲಿ ಹುಸಿ ಮೀನಿನ ತಲೆಗೊಂದು, ಬಾಲಕ್ಕೊಂದು ಆರಿಸಿಕೊಳ್ಳುತ್ತಾರೆ. ನನ್ನ ಕಣ್ಣಿಗೆ ಈ ಕಸುಬಿನ ಅರ್ಧ ಜಾಣ್ಮೆ ಇರುವುದು ಈ ಆಯ್ಕೆಯಲ್ಲೇ.

ತೆಳ್ಳಗಿನ, ಮೈಯೊಳಗೆ ಬೆಳಕು ಹಾಯುವ ಸಿಲ್ವರ್‌ಸೈಡ್ ಎಂಬ ಪುಟ್ಟ ಮೀನುಗಳ ನಕಲಿಗೆ ಕೃತಕ ಎಳೆಗಳೇ ವಾಸಿ. ಅವು ನೀರು ಹೀರುವುದಿಲ್ಲ. ಬ್ಲೂಫಿಷ್‌ನ ಹಲ್ಲು ಎಂಥ ಫ್ಲೈಯನ್ನೂ ಚಿಂದಿ ಮಾಡುತ್ತಿದ್ದಾಗ ಪೊಪೊವಿಕ್ಸ್ ಎಳೆಗಳ ಮೇಲೆ ಎಪಾಕ್ಸಿ ಬಳಿದು ‘ಸರ್ಫ್ ಕ್ಯಾಂಡಿ’ ಮಾಡಿದರು. ಅಂಟು ಗಟ್ಟಿಯಾದ ಮೇಲೂ ಗಾಜಿನಷ್ಟು ತಿಳಿ.

ಇದಕ್ಕೆಲ್ಲ ಹಿರಿಯಣ್ಣ ಮೇರಿಲ್ಯಾಂಡಿನ ಲೆಫ್ಟಿ ಕ್ರೇ. 1950ರ ದಶಕದ ಕೊನೆಗೆ ಚೆಸಪೀಕ್ ಕೊಲ್ಲಿಯ ಬಾಸ್‌ಗಾಗಿ ಅವರು ಕಟ್ಟಿದ ‘ಡಿಸೀವರ್’ಗೆ ಬಾಲವಾಗಿ ಹುಂಜದ ಉದ್ದ ಗರಿಗಳು, ಕೊರಳಿಗೆ ಜಿಂಕೆ ಕೂದಲು. ಬೀಸುವಾಗ ಗರಿ ಕೊಕ್ಕೆಗೆ ಸುತ್ತಿಕೊಳ್ಳಬಾರದು, ಎಸೆಯಲು ಹಗುರವಿರಬೇಕು ಎಂಬುದು ಅವರ ಹಟ. 1991ರಲ್ಲಿ ಅದು ಅಮೆರಿಕದ ಅಂಚೆಚೀಟಿಯನ್ನೂ ಏರಿತು.

ಕೊಕ್ಕೆ ಎಷ್ಟು ಚೆಂದವಾದರೇನು, ಮೀನು ಬೇಕಲ್ಲ. ಸ್ಟ್ರೈಪ್ಡ್ ಬಾಸ್ ಸಂತತಿ ಕುಸಿದಿದೆಯೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2023ರಿಂದ ಅಟ್ಲಾಂಟಿಕ್ ಕರಾವಳಿಯ ಹವ್ಯಾಸಿ ಗಾಳಗಾರರು ಕಡಲಲ್ಲಿ ಹಿಡಿದು ಇಟ್ಟುಕೊಳ್ಳಬಹುದಾದದ್ದು 28ರಿಂದ 31 ಇಂಚಿನ ಮೀನು ಮಾತ್ರ. ಟೊಳ್ಳು ಕಟ್ಟನ್ನೇ ಸಾಲಾಗಿ ಹೆಣೆದು ಅಡಿಯುದ್ದಕ್ಕೆ ಬೆಳೆಸಿದ ಪೊಪೊವಿಕ್ಸರ ‘ಬೀಸ್ಟ್’ ಹುಟ್ಟಿದ್ದೇ ಆ ಮಿತಿಗಿಂತ ದೊಡ್ಡ ಮೀನುಗಳಿಗಾಗಿ. ಅವು ಈಗಲೂ ಅದನ್ನು ಕಚ್ಚುತ್ತವೆ. ಹಿಡಿದವರು ಕೊಕ್ಕೆ ಬಿಡಿಸಿ ನೀರಿಗೇ ಬಿಡಬೇಕು.