ಢಂ ಅಂದದ್ದು ನೆಲವೋ, ಗಾಳಿಯೋ?
ಬಂಡೆ ಸಿಡಿಸೋ ಸದ್ದಿಗೂ ಒಂದು ಲೆಕ್ಕ ಉಂಟು

ಢಂ! ಕಿಟಕಿ ಗಾಜು ಗಡಗಡ ಅಂತು. ಜನ ಬೀದಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಭೂಕಂಪ ಅಂದ, ಇನ್ನೊಬ್ಬ ಬಾಂಬು ಅಂದ, ಮತ್ತೊಬ್ಬ ಗ್ಯಾಸ್ ಸಿಲಿಂಡರು ಅಂದ. ಮೂರೂ ಊಹೆಯೇ!

2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಿಗೆ ಬೆಂಗಳೂರೇ ಹೀಗೆ ಬೆಚ್ಚಿಬಿತ್ತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ತಮ್ಮ ಭೂಕಂಪ ಮಾಪಕಗಳನ್ನು ನೋಡಿದರು. ನೆಲ ಅಲುಗಿದ ಗುರುತೇ ಇಲ್ಲ! ಸಂಜೆ ಹೊತ್ತಿಗೆ ರಕ್ಷಣಾ ಇಲಾಖೆ ಬಾಯಿಬಿಟ್ಟಿತು: ವಾಯುಪಡೆಯ ವಿಮಾನವೊಂದು ಪರೀಕ್ಷೆಗೆಂದು ಶಬ್ದಕ್ಕಿಂತ ವೇಗವಾಗಿ ಹಾರಿತ್ತಂತೆ. ಅಲ್ಲಿಗೆ ಗುಟ್ಟು ರಟ್ಟಾಯಿತು. ಅಲುಗಿದ್ದು ಗಾಳಿ, ನೆಲ ಅಲ್ಲ.

ಈಗ ಇನ್ನೊಂದು ಢಂ ಕೇಳಿ. 2018ರ ಸೆಪ್ಟೆಂಬರ್ 25ರ ಮಧ್ಯಾಹ್ನ ಕೃಷ್ಣರಾಜಸಾಗರದ ಸುತ್ತಮುತ್ತ ಭಾರೀ ಸದ್ದು ಕೇಳಿಸಿತು. ಇಲ್ಲಿ ಮಾತ್ರ ಅದೇ ಕೇಂದ್ರದ ಮಾಪಕದಲ್ಲಿ ನೆಲದ ಕಂಪನ ದಾಖಲಾಗಿತ್ತು. ಕಲ್ಲುಗಣಿ ಸ್ಫೋಟವೇ ಕಾರಣ ಅಂತ ಕೇಂದ್ರ ವರದಿ ಕೊಟ್ಟಿತು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಹೆಸರು ಅಂದಿನಿಂದ ಮಂಡ್ಯ ಬಸ್ ಸ್ಟ್ಯಾಂಡಿನಿಂದ ವಿಧಾನಸೌಧದ ತನಕ ಓಡಾಡುತ್ತಾ ಇದೆ.

ಮೆಕ್ಯಾನಿಕ್ಕನ ಸ್ಕ್ರೂಡ್ರೈವರ್

ಇದೆಲ್ಲ ದೊಡ್ಡವರ ವಿಜ್ಞಾನ, ನಮಗ್ಯಾಕೆ ಅನ್ನಬೇಡಿ ಸ್ವಾಮಿ. ಗ್ಯಾರೇಜಿಗೆ ಹೋಗಿ ನೋಡಿ. ಹಳೇ ಮೆಕ್ಯಾನಿಕ್ಕು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಇಟ್ಟು, ಹಿಡಿಕೆಯನ್ನು ಕಿವಿಗೆ ಒತ್ತಿ, ಬೇರಿಂಗ್ ಹೋಗಿದೆ ಅಂತಾನೆ. ಬಿಚ್ಚಿ ನೋಡಿದರೆ ಹೋಗಿಯೇ ಇರುತ್ತೆ! ಅದುರುವ ವಸ್ತು ತನ್ನ ಕಾಯಿಲೆಯನ್ನು ತಾನೇ ಹೇಳುತ್ತೆ. ಕೇಳೋ ಕಿವಿ ಬೇಕು, ಅಷ್ಟೇ.

ಬಸ್ಸಿನಲ್ಲಿ ಕೂತವರಿಗೆ ಇನ್ನೊಂದೂ ಗೊತ್ತು. ಗಾಡಿ ಸ್ಟ್ಯಾಂಡಿನಲ್ಲಿ ನಿಂತು ಎಂಜಿನ್ ಓಡುತ್ತಿರುವಾಗ ಕಿಟಕಿ ಗಾಜು ಹಲ್ಲು ಕಡಿದ ಹಾಗೆ ಅದುರುತ್ತೆ. ಡ್ರೈವರು ವೇಗ ಕೊಟ್ಟರೆ ಸುಮ್ಮನಾಗುತ್ತೆ. ಯಾಕೆ? ಪ್ರತಿ ವಸ್ತುವಿಗೂ ತನ್ನದೇ ಅದುರುವ ತಾಳ ಅಂತ ಇದೆ. ಹೊರಗಿನ ಅದುರು ಆ ತಾಳಕ್ಕೆ ಹೊಂದಿದರೆ ಕುಣಿತ ಜೋರು. ಮನೆಗೂ ಇದೇ ಮಾತು. ಹಾಗಾಗಿ ನಿಧಾನ ತಾಳದ ಕಂಪನ ಮನೆಗೆ ಹೆಚ್ಚು ಕೆಟ್ಟದ್ದು.

ಲೆಕ್ಕ ಹೀಗಿದೆ

ಬಂಡೆ ಸಿಡಿಸುವಾಗ ನೆಲದಲ್ಲಿ ಜಿಯೋಫೋನ್ ಅನ್ನೋ ಪುಟ್ಟ ಉಪಕರಣ ಹೂಳುತ್ತಾರೆ. ನೆಲ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಎಷ್ಟು ವೇಗದಲ್ಲಿ ಅಲುಗಿತು ಅಂತ ಅದು ಬರೆದಿಡುತ್ತೆ. ಪಕ್ಕದಲ್ಲೇ ಗಾಳಿಯ ಹೊಡೆತ ಹಿಡಿಯೋಕೆ ಮೈಕು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಇದಕ್ಕೆ ಮಿತಿ ಹಾಕಿದೆ. ಗಣಿ ಮಾಲೀಕನದಲ್ಲದ ವಾಸದ ಮನೆಗೆ, ಕಂಪನ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ಇದ್ದರೆ ನೆಲದ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಕೂಡದು. 8ರಿಂದ 25 ಸಲ ಇದ್ದರೆ 10, ಅದಕ್ಕೂ ಮೇಲಿದ್ದರೆ 15. ಪುರಾತನ ಸ್ಮಾರಕ, ಸೂಕ್ಷ್ಮ ಕಟ್ಟಡಕ್ಕೆ ಇನ್ನೂ ಬಿಗಿ: 2, 5, 10.

ಒಂದು ವಿಚಾರ ಗಮನದಲ್ಲಿರಲಿ. ಮನುಷ್ಯನ ಮೈ ಭಾರೀ ಸೂಕ್ಷ್ಮ. ಗೋಡೆಗೆ ಏಟು ಬೀಳೋ ಮಟ್ಟಕ್ಕಿಂತ ಎಷ್ಟೋ ಕಡಿಮೆ ಕಂಪನವೂ ಮೈಗೆ ಗೊತ್ತಾಗುತ್ತೆ. ಹಾಗಾಗಿ ಅಲುಗಿತು ಅಂದ ಮಾತ್ರಕ್ಕೆ ಬಿರುಕು ಸ್ಫೋಟದ್ದೇ ಅನ್ನೋಕಾಗಲ್ಲ. ಏನೂ ಆಗಲ್ಲ ಬಿಡ್ರೀ ಅನ್ನೋ ಕ್ವಾರಿ ಮಾಲೀಕನ ಮಾತನ್ನೂ ನಂಬೋಕಾಗಲ್ಲ. ಇಬ್ಬರಿಗೂ ಅಂಕಿಯೇ ಸಾಕ್ಷಿ.

ಮದ್ದು ಒಂದೇ ಏಟಿಗೆ ಹೊತ್ತಿದರೆ ಕಂಪನ ಹೆಚ್ಚು. ಒಂದೊಂದು ಕುಳಿಗೂ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಂತರ ಕೊಟ್ಟು ಸಿಡಿಸಿದರೆ ಕಂಪನ ತಗ್ಗುತ್ತೆ. ದೂರ ಹೆಚ್ಚಿದಷ್ಟೂ ತಗ್ಗುತ್ತೆ. ಎಷ್ಟು ತಗ್ಗುತ್ತೆ ಅನ್ನೋದು ನಡುವಿನ ಬಂಡೆಯ ಗುಣ. ಹಾಗಾಗಿ ಬಂಡೆ ಬಲ್ಲವನು, ಮದ್ದು ಬಲ್ಲವನು, ಕಟ್ಟಡ ಬಲ್ಲವನು, ಯಂತ್ರ ಬಲ್ಲವನು ನಾಲ್ವರೂ ಕೂತು ನೋಡೋ ಕೆಲಸ ಇದು. ಒಬ್ಬರಿಂದ ಆಗೋದಲ್ಲ.

ನಮ್ಮ ರಾಜ್ಯಕ್ಕೆ ಇದೇನು ಹೊಸದಲ್ಲ. ಗೌರಿಬಿದನೂರಿನಲ್ಲಿ 1965ರಿಂದಲೇ ಭೂಕಂಪ ಮಾಪಕಗಳ ಸಾಲು ಇದೆ. ದೂರದೇಶದ ಅಣುಬಾಂಬ್ ಪರೀಕ್ಷೆಯನ್ನೂ ಕೇಳಿಸಿಕೊಂಡ ಕಿವಿ ಅದು. ಕೋಲಾರದ ಚಿನ್ನದ ಗಣಿಯಲ್ಲಿ ಆಳದ ಬಂಡೆ ತಾನಾಗಿ ಸಿಡಿದು ಎಷ್ಟೋ ಕಾರ್ಮಿಕರು ಸತ್ತರು. ಆ ಸಿಡಿತ ಅರಿಯಲು ಅಲ್ಲೂ ಮಾಪಕ ಇಟ್ಟಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಆ ಕೆಜಿಎಫ್‌ನಲ್ಲೇ. ಗಣಿ 2001ರಲ್ಲಿ ಮುಚ್ಚಿತು, ವಿದ್ಯೆ ಮುಚ್ಚಲಿಲ್ಲ.

ಅಣೆಕಟ್ಟಿನ ಪಾಡೇನು?

ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಕಲ್ಲು, ಸುರ್ಕಿ ಗಾರೆಯ ಕಟ್ಟಡ. 124.80 ಅಡಿ ನೀರು ನಿಂತರೆ ಮಂಡ್ಯದ ಗದ್ದೆಗೂ ಜೀವ, ಬೆಂಗಳೂರಿನ ನಲ್ಲಿಗೂ ಜೀವ. ಇದರ ಹತ್ತಿರ ಬಂಡೆ ಸಿಡಿಸೋದು ಸರಿಯಾ?

ಪ್ರಾಯೋಗಿಕವಾಗಿ ಸಿಡಿಸಿ ಅಳೆಯೋಣ ಅಂತ 2022ರಲ್ಲೂ 2024ರಲ್ಲೂ ಸಿದ್ಧತೆ ನಡೆಯಿತು. ರೈತರು ಅಡ್ಡ ನಿಂತರು. ಪರೀಕ್ಷೆಯ ಹೆಸರಲ್ಲಿ ಹಿಂಬಾಗಿಲಿಂದ ಗಣಿಗೆ ಪರವಾನಗಿ ಕೊಟ್ಟುಬಿಡ್ತಾರೆ ಅನ್ನೋದು ಅವರ ಭಯ. ಸಿಡಿಸದೆ ಅಳೆಯೋದು ಹೇಗೆ ಅನ್ನೋದು ಅಧಿಕಾರಿಗಳ ವಾದ. 2024ರ ಜನವರಿಯಲ್ಲಿ ಹೈಕೋರ್ಟು, ಅಧ್ಯಯನ ಮುಗಿಯೋ ತನಕ ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತ ಆದೇಶಿಸಿತು. ಗಣಿ ನಿಂತರೆ ಜಲ್ಲಿ ಹೊತ್ತು ಬದುಕೋ ಕೂಲಿಯವನ ಒಲೆಯೂ ಆರುತ್ತೆ. ಅವನ ಮಾತನ್ನು ಯಾರೂ ಎತ್ತೋದಿಲ್ಲ.

ರೈತರ ಅನುಮಾನ ಯಂತ್ರದ ಮೇಲಲ್ಲ ಸ್ವಾಮಿ, ಯಂತ್ರ ಹಿಡಿದ ಕೈ ಮೇಲೆ. ಅಳೆದ ಅಂಕಿ ಕಡತ ಸೇರಿ ಧೂಳು ತಿಂದರೆ ಯಾರು ನಂಬ್ತಾರೆ? ಎಲ್ಲೇ ಕ್ವಾರಿ ಇರಲಿ, ಪ್ರತಿ ಸ್ಫೋಟದ ತಾರೀಖು, ಹೊತ್ತು, ಮದ್ದಿನ ತೂಕ, ಜಿಯೋಫೋನ್ ಅಂಕಿ ನಾಲ್ಕನ್ನೂ ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಖರ್ಚು ಒಂದು ಹಾಳೆ ಕಾಗದ.

ಕ್ವಾರಿ ಪಕ್ಕದ ಮನೆಯವರೂ ಒಂದು ಕೆಲಸ ಮಾಡಬಹುದು. ಗೋಡೆಯ ಬಿರುಕಿನ ಮೇಲೆ ಅಡ್ಡವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಮೆತ್ತಿ, ತಾರೀಖು ಬರೆದು, ಫೋಟೋ ತೆಗೆದಿಡಿ. ಬಿರುಕು ಬೆಳೆದರೆ ಪಟ್ಟಿ ಸೀಳುತ್ತೆ. ಸೀಳಿದ ದಿನ, ಸಿಡಿಸಿದ ದಿನ ಎರಡನ್ನೂ ಹೋಲಿಸಿ ನೋಡಿ. ಆಮೇಲೆ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ, ನಿಮ್ಮ ಮಾತು ಬರೀ ಗೋಳು ಅಂತ ಯಾವ ಸಾಹೇಬನೂ ತಳ್ಳಿಹಾಕೋಕಾಗಲ್ಲ.