ನಿಮಗಿದು ಗೊತ್ತೇ? ‘ಇನ್’ ಇದ್ದರೂ ಬೆಂಕಿ, ಇಲ್ಲದಿದ್ದರೂ ಬೆಂಕಿ

ಪೆಟ್ರೋಲ್ ಟ್ಯಾಂಕರುಗಳ ಬೆನ್ನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತಾರಲ್ಲ, ಕೆಲವು ಡಬ್ಬಗಳ ಮೇಲೆ ಬರೀ ‘ಫ್ಲೇಮಬಲ್’ ಎಂದಿರುತ್ತದೆ. ಎರಡರ ಅರ್ಥವೂ ಒಂದೇ: ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ!

‘ಇನ್‌ವಿಸಿಬಲ್’ ಎಂದರೆ ಕಾಣದ್ದು, ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು. ಹಾಗಾದರೆ ಇನ್‌ಫ್ಲೇಮಬಲ್ ಎಂದರೆ ಉರಿಯದ್ದು ಇರಬೇಕು ಎಂದುಕೊಂಡು ಬೆಂಕಿಕಡ್ಡಿ ಗೀರಿದರೆ ಕಥೆ ಮುಗಿಯಿತು. ಇಲ್ಲಿನ ‘ಇನ್’ ಇಲ್ಲವೆನ್ನುವುದಲ್ಲ. ಹೊತ್ತಿಸು ಎಂಬರ್ಥದ ‘ಇನ್‌ಫ್ಲಮ್ಮಾರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು.

ಇದು ಕನ್ನಡಿಗರಿಗೆ ವಿಚಿತ್ರವೆನಿಸಬಾರದು. ನಮ್ಮ ‘ವಿ’ಯನ್ನೇ ನೋಡಿ. ‘ವಿಫಲ’ದಲ್ಲಿ ಅದು ಫಲವನ್ನು ಕಿತ್ತುಕೊಳ್ಳುತ್ತದೆ, ‘ವಿಶುದ್ಧ’ದಲ್ಲಿ ಶುದ್ಧಿಯನ್ನು ಹೆಚ್ಚಿಸುತ್ತದೆ. ವಿಶುದ್ಧ ತುಪ್ಪವೆಂದರೆ ಶುದ್ಧವಲ್ಲದ ತುಪ್ಪ ಎಂದು ನಾವು ಯಾರೂ ತಿಳಿಯುವುದಿಲ್ಲ. ಒಂದು ನುಡಿಯೊಳಗೇ ಬೆಳೆದವರಿಗೆ ಇರುವ ಈ ಅನುಕೂಲ, ಎಚ್ಚರಿಕೆ ಫಲಕವನ್ನು ಅವಸರದಲ್ಲಿ ಓದುವ ಪರಭಾಷಿಕನಿಗೆ ಇರುವುದಿಲ್ಲ.

ಅದಕ್ಕೇ ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷಾ ಸಂಘ 1920ರ ದಶಕದಲ್ಲೇ ‘ಫ್ಲೇಮಬಲ್’ ಪದದ ಪರ ನಿಂತಿತು. ಉರಿಯದ್ದಕ್ಕೆ ‘ನಾನ್‌ಫ್ಲೇಮಬಲ್’. ಪಂಡಿತರ ಜಗಳವಲ್ಲ ಇದು, ಜೀವ ಉಳಿಸುವ ಕಾಗುಣಿತ. ನಮ್ಮ ಟ್ಯಾಂಕರುಗಳಿಂದಲೂ ಆ ಎರಡಕ್ಷರ ಅಳಿಸಿಹೋಗಲಿ ಎಂಬುದು ನನ್ನ ಮನದಾಳದ ಆಸೆ.

ಫ್ರೆಂಚರಲ್ಲಿ ಮಾತ್ರ ಗೊಂದಲವಿಲ್ಲ. ಅವರಿಗೆ ‘ಇನ್’ ಒಂದಿದ್ದರೆ ಉರಿಯುತ್ತದೆ, ಎರಡಿದ್ದರೆ ಉರಿಯುವುದಿಲ್ಲ!

‘ಕಂಬಸ್ಟಿಬಲ್’ ಎಂಬುದು ಬೇರೆಯೇ. ಒಲೆಗಿಟ್ಟ ದಪ್ಪ ಕೊರಡು ಉರಿಯುತ್ತದೆ ನಿಜ, ಆದರೆ ಊದುಗೊಳವೆ ಹಿಡಿದು ಕಣ್ಣಲ್ಲಿ ನೀರು ಬರಿಸಿಕೊಂಡ ಮೇಲೆ. ಅದು ಕಂಬಸ್ಟಿಬಲ್. ಪೆಟ್ರೋಲಿಗೆ ಅಷ್ಟು ತಾಳ್ಮೆಯಿಲ್ಲ. ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಅದರಿಂದ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ. ದ್ರವಗಳ ವಿಷಯದಲ್ಲಿ ಅಮೆರಿಕದ ಅಗ್ನಿ ಸಂಹಿತೆ ಬಹುಕಾಲ ಈ ಎರಡು ಪದಗಳ ನಡುವೆ, ಇಂಥ ಆವಿ ಏಳುವ ಉಷ್ಣತೆಯನ್ನು ನೋಡಿ, 37.8 ಡಿಗ್ರಿಯಲ್ಲಿ ಗೆರೆ ಎಳೆದಿತ್ತು. ನಮ್ಮ ದೇಶದ ಪೆಟ್ರೋಲಿಯಂ ಕಾಯ್ದೆ ಗುಣವಾಚಕಗಳನ್ನು ನಂಬದೆ ಎ, ಬಿ, ಸಿ ವರ್ಗಗಳನ್ನೇ ಮಾಡಿಕೊಂಡಿದೆ: 23 ಡಿಗ್ರಿಗಿಂತ ಕೆಳಗೇ ಇಂಥ ಆವಿ ಬಿಡುವಂಥದ್ದು ಎ. ಪೆಟ್ರೋಲ್ ಅದರಲ್ಲಿ ಬರುತ್ತದೆ.

ಬೆಂಕಿಗೆ ದಾರಿ ಮಾಡಿಕೊಟ್ಟ ಇನ್ನೊಂದು ಇಂಗ್ಲಿಷ್ ಗುಣವಾಚಕ ‘ಎಂಪ್ಟಿ’. ಭಾಷಾಚಿಂತಕ ಬೆಂಜಮಿನ್ ಲೀ ವೋರ್ಫ್ (1897–1941) ಹೊಟ್ಟೆಪಾಡಿಗೆ ಅಗ್ನಿ ವಿಮಾ ಕಂಪನಿಯೊಂದರಲ್ಲಿ ಎಂಜಿನಿಯರ್. ತುಂಬಿದ ಪೆಟ್ರೋಲ್ ಪೀಪಾಯಿಗಳ ಹತ್ತಿರ ಜನ ಮೈಯೆಲ್ಲ ಕಣ್ಣಾಗಿರುತ್ತಾರೆ, ‘ಖಾಲಿ’ ಎಂದ ಪೀಪಾಯಿಗಳ ಪಕ್ಕದಲ್ಲೇ ಸಿಗರೇಟು ಹಚ್ಚುತ್ತಾರೆ ಎಂಬುದನ್ನು ಆತ ಗಮನಿಸಿದ. ಪೆಟ್ರೋಲ್ ಖಾಲಿ, ಆವಿ ಭರ್ತಿ. ನಿಜಕ್ಕೂ ಸಿಡಿಯುವುದು ಆ ಖಾಲಿ ಪೀಪಾಯಿಯೇ. ಖಾಲಿ ಎಂದರೆ ನಿರಪಾಯ ಎಂಬ ಭಾವವನ್ನು ಪದವೇ ಬಿತ್ತಿತ್ತು. ಈ ಉದಾಹರಣೆ ಇರುವ ಆತನ ಲೇಖನ ಪ್ರಕಟವಾದದ್ದು 1941ರಲ್ಲಿ. ಗ್ಯಾರೇಜು, ಪೇಂಟ್ ಅಂಗಡಿಗಳಲ್ಲಿ ಖಾಲಿ ಡಬ್ಬ ಪೇರಿಸಿಡುವವರಿಗೆ ಇದನ್ನು ಓದಿ ಹೇಳಬೇಕು.

ಪ್ರಚೋದನಕಾರಿ ಭಾಷಣಕ್ಕೆ ಇಂಗ್ಲಿಷಿನವರು ಹೇಳುವ ‘ಇನ್‌ಫ್ಲಮೇಟರಿ’ಯಲ್ಲೂ ಅದೇ ‘ಇನ್‌ಫ್ಲಮ್ಮಾರೆ’ಯ ಜ್ವಾಲೆ. ಕೀಲು ಕೆಂಪಾಗಿ ಊದಿಕೊಂಡಾಗ ವೈದ್ಯರು ಹೇಳುವ ‘ಇನ್‌ಫ್ಲಮೇಶನ್’ನಲ್ಲೂ. ಅದಕ್ಕೆ ಕನ್ನಡದ ವೈದ್ಯ ಲೇಖಕರು ಬಳಸುವ ‘ಉರಿಯೂತ’ ಎಷ್ಟು ಸೊಗಸು: ಉರಿಯೂ ಇದೆ, ಊತವೂ ಇದೆ.

ಬೇಸಗೆಯಲ್ಲಿ ಕೆಂಪಗೆ ಅರಳುವ ಗುಲ್‌ಮೊಹರ್ ಮರದ ಇಂಗ್ಲಿಷ್ ಹೆಸರುಗಳಲ್ಲೊಂದು ‘ಫ್ಲಾಂಬಾಯಂಟ್’, ಅಂದರೆ ಉರಿಯುತ್ತಿರುವುದು. ಮಡಗಾಸ್ಕರಿನ ಈ ಮರ ಸುಡುವುದು ಕಣ್ಣನ್ನಷ್ಟೇ.

ಮುಂದಿನ ಸಲ ಸಿಗ್ನಲ್‌ನಲ್ಲಿ ಟ್ಯಾಂಕರಿನ ಹಿಂದೆ ನಿಂತಾಗ 1203 ಎಂಬ ಸಂಖ್ಯೆ ಕಾಣುತ್ತದೆಯೇ ನೋಡಿ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದು ಪೆಟ್ರೋಲ್. ಡೀಸೆಲ್ 1202.